ಅವ್ವನ ಕಷಾಯ

ತಿಂಗಳ ಮುಟ್ಟು 10-12 ದಿನವಾದರೂ ನಿಲ್ಲದಿದ್ದರೆ ನೀವು ಯಾರಿಗೆ ಹೇಳುತ್ತೀರಿ? ನಾನು ಹೇಳಿದ್ದು ಧಾರವಾಡದ ನನ್ನ ಅವ್ವನಿಗೆ ಮಾತ್ರ. ಆಗ ನನಗೆ 46 ವರ್ಷ.

“ಈ ವಯಸ್ಸಿಗೆ ಹಂಗ ಆಗೂದಽ. ಅಶೋಕದ ತೊಗಟಿ ಹಾಲಿನ್ಯಾಗ ಕುದಿಸಿ ಕುಡಿ” ಅಂದಳು. ಅಂಗಳದ ಮರದ ತೊಗಟೆ ಕೆತ್ತಿ ಹುಬ್ಬಳ್ಳಿಗೆ ಕಳಿಸಿಯೂ ಕೊಟ್ಟಳು. ಮೂರು ತಿಂಗಳು ತಪ್ಪದೆ ಕುಡಿದೆ. ಒಂದು ದಿನ ನೀರಿನ ಕೊಡ ಎತ್ತುವಾಗ ಕಣ್ಣಿಗೆ ಕತ್ತಲೆ ಬಂದು ಕುಸಿದುಬಿಟ್ಟೆ.

ಇಲ್ಲಿಯ ಆಯುರ್ವೇದ ವೈದ್ಯರೊಬ್ಬರ ಹತ್ತಿರ ಹೋದೆ. ಮರ ಹೇಗಿದೆ ಎಂದು ಕೇಳಿದರು. “ಕಂಬದಂಗ ನೆಟ್ಟಗ ಐತ್ರಿ, ಎಲಿ ಜೋತುಬಿದ್ದಿರ್ತಾವ” ಎಂದೆ.

“ಅಕ್ಕಾರ, ಅದು ಹೆಸರಿಗಷ್ಟ ಅಶೋಕ” ಎಂದರು. ಔಷಧಕ್ಕೆ ಬಳಸುವ ಸೀತಾ ಅಶೋಕವೇ ಬೇರೆ. ಅದರಲ್ಲಿ ಕೇಸರಿ-ಕೆಂಪು ಹೂಗಳು ಗೊಂಚಲಾಗಿ ಬಿಡುತ್ತವೆ. “ಖರೇ ತೊಗಟಿ ಇದ್ರೂ, ಕಾರಣ ತಿಳೀದಽ ಕೊಡಬಾರದು” ಎಂದು ಅವರೇ ರಕ್ತ ಪರೀಕ್ಷೆಗೆ, ಸ್ಕ್ಯಾನಿಂಗಿಗೆ ಕಳಿಸಿದರು. ಕಡಿಮೆಯೆಂದರೂ 12 ಇರಬೇಕಾದ ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು. ಗರ್ಭಕೋಶದಲ್ಲಿ ಗಡ್ಡೆ ಬೆಳೆದಿತ್ತು.

ಚಿಕಿತ್ಸೆಯಾಗಿ ಈಗ ಆರಾಮ ಇದ್ದೇನೆ. ಅವ್ವನ ಮೇಲೆ ಸಿಟ್ಟಿಲ್ಲ. ಅವಳಿಗೆ ತಿಳಿದದ್ದನ್ನು ಪ್ರೀತಿಯಿಂದ ಕೊಟ್ಟಳು.

ಸೋದರಿಯರೇ, ಸ್ರಾವ 7 ದಿನ ಮೀರಿದರೆ, ದೊಡ್ಡ ಹೆಪ್ಪುಗಳು ಬಿದ್ದರೆ, ಗಂಟೆಗೊಂದು ಪ್ಯಾಡ್ ತೊಯ್ದರೆ ತಡ ಮಾಡಬೇಡಿರಿ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ಕಂಡರೂ ವೈದ್ಯರಿಗೆ ತೋರಿಸಿರಿ. ಅದು ಕ್ಯಾನ್ಸರಿನ ಸೂಚನೆಯೂ ಆಗಿರಬಹುದು. ಮೊದಲು ಪರೀಕ್ಷೆ, ಕಷಾಯದ ಮಾತು ಆಮೇಲೆ. ನಾಚಿಕೆ ಮಾತ್ರ ಬೇಡವೇ ಬೇಡ.