ಎದೆ ಅಳತೆ

ನಮ್ಮ ಕವಿತೆಗಳಲ್ಲಿ ಎದೆಗೆ ಬರವಿಲ್ಲ. ಎದೆಗೊಟ್ಟು ನಿಲ್ಲುತ್ತೇವೆ, ಎದೆ ಸೆಟೆಸುತ್ತೇವೆ, ಎದೆಯೊಳಗೆ ಬೆಂಕಿ ಹೊತ್ತಿಸಿಕೊಳ್ಳುತ್ತೇವೆ. ಕೊಪ್ಪಳ, ಕುಷ್ಟಗಿಯ ಕವಿಗೋಷ್ಠಿಗಳಲ್ಲಿ ನಾವೂ ಇಂಥವನ್ನು ಓದಿ ಚಪ್ಪಾಳೆ ತಗೊಂಡಿದ್ದೇವೆ. ಓದುವಾಗ ಎರಡು ಅಳತೆ ದೊಡ್ಡದಾದ ಅಂಗಿ ತೊಟ್ಟು, ಹೆಗಲು ಮುಂದಕ್ಕೆ ಬಾಗಿಸಿ, ಹಾಳೆಯನ್ನು ಎದೆಗೆ ಅಡ್ಡ ಹಿಡಿದು ನಿಲ್ಲುತ್ತಿದ್ದೆವು. ಅಂಗಿಯ ಒಳಗಿದ್ದ ಎದೆಯ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ. ಅದನ್ನು ಕೊಯ್ಸಿ ಹನ್ನೊಂದು ತಿಂಗಳಾದ ಮೇಲೆ ಈಗ ಬರೆಯುತ್ತಿದ್ದೇವೆ.

ಗಂಡಸಿಗೆ ಮೊಲೆ ಬೆಳೆಯುವುದು. ನಮ್ಮ ಕಡೆ ಮಲಿ ಅಂತಾರೆ. ಡಾಕ್ಟರರು ಗೈನೆಕೊಮ್ಯಾಸ್ಟಿಯಾ ಎಂದು ಚೀಟಿಯಲ್ಲಿ ಬರೆದರು. ಅಪ್ಪ ಅದನ್ನು ಔಷಧಿಯ ಹೆಸರು ಅಂದುಕೊಂಡು ಅಂಗಡಿಯವನ ಮುಂದೆ ಚೀಟಿ ಹಿಡಿದ. ನಾವು ಅಂತ ಬರೆಯುತ್ತಿರುವುದಕ್ಕೆ ಕಾರಣ ಇದೆ. ಕೊಯ್ದದ್ದು ಒಬ್ಬನ ಎದೆ. ಅದಕ್ಕೆ ಸಾಲ ಮಾಡಿದವರು, ಹರಕೆ ಹೊತ್ತವರು, ಆಡಿಕೊಂಡವರು, ತಲೆ ತೊಳೆದವರು ಬಹಳ ಮಂದಿ. ಒಬ್ಬನದೇ ಎಂದು ಹೇಳಲು ಬಾಯಿ ಬರುವುದಿಲ್ಲ.

ಹದಿಮೂರನೇ ವಯಸ್ಸಿಗೆ ಶುರುವಾಯಿತು. ತೊಟ್ಟಿನ ಹಿಂದೆ ಒಂದು ಗಂಟು, ಮುಟ್ಟಿದರೆ ನೋವು. ಹರೆಯಕ್ಕೆ ಕಾಲಿಡುವ ಹುಡುಗರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇಷ್ಟೋ ಅಷ್ಟೋ ಹೀಗಾಗುತ್ತದೆ, ಆರು ತಿಂಗಳಿಂದ ಎರಡು ವರ್ಷದೊಳಗೆ ಬಹಳಷ್ಟು ಜನರಲ್ಲಿ ತಾನೇ ಇಳಿಯುತ್ತದೆ. ಗಂಡಸಿನ ಮೈಯಲ್ಲೂ ಹೆಣ್ಣಿನ ಹಾರ್ಮೋನು ಇರುತ್ತದೆ. ಎರಡರ ತೂಕ ತಪ್ಪಿದಾಗ ಎದೆಯ ಗ್ರಂಥಿ ಬೆಳೆಯುತ್ತದೆ. ಇಷ್ಟು ಮಾತನ್ನು ಹದಿಮೂರರಲ್ಲಿ ಯಾರಾದರೂ ಹೇಳಿದ್ದರೆ ಎಷ್ಟೋ ರಾತ್ರಿ ನಿದ್ದೆ ಬರುತ್ತಿತ್ತು. ನಮಗೆ ಇಳಿಯಲಿಲ್ಲ. ಡಿಗ್ರಿ ಮುಗಿಯುವ ಹೊತ್ತಿಗೆ ಅವ್ವನ ಹಳೇ ಸೀರೆಯ ತುಂಡನ್ನು ಬನಿಯನ್ನಿನ ಕೆಳಗೆ ಬಿಗಿದು ಕಾಲೇಜಿಗೆ ಹೋಗುತ್ತಿದ್ದೆವು.

ಕಾರಣ ಹುಡುಕಲು ಡಾಕ್ಟರರು ರಕ್ತ ತೆಗೆದರು, ಥೈರಾಯ್ಡ್ ನೋಡಿದರು, ಲಿವರ್ ನೋಡಿದರು, ಬೀಜ ಮುಟ್ಟಿ ನೋಡಿದರು, ಯಾವ ಗುಳಿಗೆ ನುಂಗುತ್ತೀ ಅಂತ ಕೇಳಿದರು. ಕೆಲವು ಗುಳಿಗೆಗಳಿಂದಲೂ ಇದು ಬರುತ್ತದಂತೆ. ನಮ್ಮದರಲ್ಲಿ ಏನೂ ಸಿಗಲಿಲ್ಲ. ಬಹಳ ಮಂದಿಗೆ ಸಿಗುವುದಿಲ್ಲವಂತೆ. ಆಮೇಲೆ ಅವರು, “ಸಣ್ಣಾವಿದ್ದಾಗ ಉಪವಾಸ ಇದ್ದದ್ದು ಐತೇನು?” ಅಂದರು. ನಗು ಬಂತು. ಎರಡನೇ ಮಹಾಯುದ್ಧ ಮುಗಿದಾಗ ಸೆರೆಶಿಬಿರಗಳಿಂದ ಎಲುಬಿನ ಹಂದರವಾಗಿ ಬಿಡುಗಡೆಯಾದ ಸೈನಿಕರು ಹೊಟ್ಟೆ ತುಂಬ ಉಣ್ಣತೊಡಗಿದ ಮೇಲೆ ಕೆಲವರಿಗೆ ಎದೆ ಬೆಳೆಯಿತಂತೆ. ಹಸಿದ ಮೈಗೆ ಅನ್ನ ಬಿದ್ದಾಗ ಹಾರ್ಮೋನುಗಳು ಮತ್ತೆ ಎದ್ದು ಕೂರುತ್ತವೆ, ಆ ಗದ್ದಲದಲ್ಲಿ ಹೀಗಾಗುತ್ತದೆ. ನಾವು ಯಲಬುರ್ಗಾ ತಾಲ್ಲೂಕಿನ ಎರೆಹೊಲದ ಊರಿನವರು. ಮಳೆ ಹೋದ ವರ್ಷ ಒಂದು ಹೊತ್ತು ರೊಟ್ಟಿ, ಒಂದು ಹೊತ್ತು ನೀರು. ಹನ್ನೆರಡು ತುಂಬಿದ ಮೇಲೆ ಕೊಪ್ಪಳದ ಸರ್ಕಾರಿ ಹಾಸ್ಟೆಲ್ಲಿಗೆ ಸೇರಿ ಮೂರೂ ಹೊತ್ತು ಉಂಡೆವು. ನಮ್ಮದು ಇದರಿಂದಲೇ ಆಯ್ತು ಅಂತ ಹೇಳುತ್ತಿಲ್ಲ, ಡಾಕ್ಟರರೂ ಹೇಳಲಿಲ್ಲ. ಆದರೆ ಆ ಸೈನಿಕರ ಕತೆ ಕೇಳಿದ ದಿನ ಅವರು ಯಾವ ದೇಶದವರೋ ಏನೋ, ಹಾಸ್ಟೆಲ್ಲಿನ ಪಂಕ್ತಿಯಲ್ಲಿ ನಮ್ಮ ಪಕ್ಕ ಕೂತು ಉಂಡವರಂತೆ ಕಂಡರು.

ಊರಲ್ಲಿ ಅಂಗಿ ಅಂದರೆ ಏನು ಅನ್ನುವುದನ್ನು ಸ್ವಲ್ಪ ಹೇಳಬೇಕು. ಅಂಗಿ ನಮಗೆ ಜಾತ್ರೆಗೆ, ಶಾಲೆಗೆ, ಕಚೇರಿಗೆ. ಕೆಲಸಕ್ಕೆ ಅಂಗಿ ಇಲ್ಲ. ಗಂಗಾವತಿಯ ಕಾಲುವೆ ಸೀಮೆಗೆ ನಾಟಿ ಹೊತ್ತಿನಲ್ಲಿ ನಮ್ಮ ಕೇರಿ ಪೂರ್ತಿ ಹೋಗುತ್ತದೆ. ಹೆಣ್ಣಮಕ್ಕಳು ನಾಟಿ ಹಚ್ಚುತ್ತಾರೆ, ಗಂಡಸರು ಸಸಿಯ ಕಟ್ಟು ಹೊರುತ್ತಾರೆ, ಬರೇ ಮೈಯಲ್ಲಿ. ಅಪ್ಪ ಕಾರಟಗಿ ಕಡೆ ರೈಸ್ ಮಿಲ್ಲಿನ ಹಮಾಲಿ. 75 ಕಿಲೋ ಭತ್ತದ ಚೀಲ, ತಲೆಯ ಮೇಲೆ ಒಂದು ಗೋಣಿ, ಸೊಂಟಕ್ಕೆ ಒಂದು ಪಂಜೆ, ಅಷ್ಟೇ ಅವನ ಯೂನಿಫಾರಂ. ಕಾಲೇಜಿನ ಸೂಟಿಯಲ್ಲಿ ನಾವೂ ಆ ಮಿಲ್ಲಿಗೆ ಹೋದೆವು. ಏಪ್ರಿಲ್ ಬಿಸಿಲಿನಲ್ಲಿ ಅಂಗಿ ಹಾಕಿಕೊಂಡೇ ಚೀಲ ಹೊತ್ತೆವು. ಬೆವರಿಗೆ ಅಂಗಿ ಮೈಗೆ ಅಂಟಿ ಮುಚ್ಚಿದ್ದೆಲ್ಲ ಇನ್ನೂ ಎದ್ದು ಕಂಡಿತು. “ಏನಲೇ, ಕೂಸಿಗೆ ಹಾಲು ಕುಡಸೂದೈತೇನು?” ಅಂದ ಒಬ್ಬ. ಎಲ್ಲರೂ ನಕ್ಕರು. ನಕ್ಕವರು ಗೌಡರಲ್ಲ, ಸಾಹುಕಾರರಲ್ಲ, ನಮ್ಮವರೇ. ಚೀಲದ ಕೆಳಗೆ ಅಪ್ಪನ ಮುಖ ಕಾಣಲಿಲ್ಲ. ಮರುದಿನ ನಮಗೆ ಲೆಕ್ಕ ಬರೆಯುವ ಕೆಲಸ ಕೊಡಿಸಿದ, ಕೂಲಿ ಅರ್ಧ.

ಅವ್ವನ ಹೆದರಿಕೆ ಬೇರೆ ಇತ್ತು. ನಮ್ಮ ಸೀಮೆಯಲ್ಲಿ ಹುಡುಗನ ಎದೆ ತುಂಬಿಕೊಂಡರೆ, ನಡಿಗೆ ಬದಲಾದರೆ, ಹುಲಿಗೆಮ್ಮ ಹಿಡಿದಾಳ ಅಂತಾರೆ. ತುಂಗಭದ್ರೆಯ ದಂಡೆಯ ಹುಲಿಗಿಯಲ್ಲಿ ಮುತ್ತು ಕಟ್ಟಿಸಿಕೊಂಡು ಸೀರೆ ಉಟ್ಟು ತಾಯಿಯ ಸೇವೆಗೆ ನಿಂತ ಜೋಗಪ್ಪಗಳು ಎಷ್ಟೋ ಮಂದಿ. 2021ರಲ್ಲಿ ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀ ಬಂದಾಗ ಕೇರಿಯವರೆಲ್ಲ ಟಿವಿ ಮುಂದೆ ಕೂತು ಕೈ ಮುಗಿದರು. ಅದೇ ಬಾಯಿ ಹೊರಗೆ ಬಂದು ನಮ್ಮನ್ನು ಆಡಿಕೊಂಡವು. ಇದೆಲ್ಲಕ್ಕೂ ಮೊದಲು, ನಮಗೆ ಹದಿನೈದಿದ್ದಾಗ, ಅವ್ವ ಉಪವಾಸ ಮಾಡಿ, ಹೊಳೆಯಲ್ಲಿ ಮುಳುಗೆಬ್ಬಿಸಿ, ಹುಲಿಗಿಯಲ್ಲಿ ಒಬ್ಬ ಹಿರಿಯ ಜೋಗಮ್ಮನ ಮುಂದೆ ನಮ್ಮನ್ನು ನಿಲ್ಲಿಸಿದಳು. ಆಕೆ ಅಂಗಿ ಬಿಚ್ಚಿಸಲಿಲ್ಲ. ಗಲ್ಲ ಹಿಡಿದು ಕಣ್ಣು ನೋಡಿದಳು. “ನಿನಗ ಸೀರಿ ಉಡಬೇಕು ಅನ್ನಸ್ತೈತೇನ ಮಗಾ?” ಅಂದಳು. ಇಲ್ಲ ಅಂದೆವು. ಅವ್ವನ ಕಡೆ ತಿರುಗಿ ಹೇಳಿದಳು: “ಯವ್ವಾ, ತಾಯಿ ಕರದರ ಒಳಗಿಂದ ಕರೀತಾಳ. ಎದಿ ಹಿಡಕೊಂಡು ಎಳಿಯಂಗಿಲ್ಲ. ನನಗ ಎದಿ ಇರಲಿಲ್ಲ, ಆದರೂ ಬಂದೆ. ಇವಗ ಎದಿ ಐತಿ, ಇವ ನಮ್ಮವ ಅಲ್ಲ. ದವಾಖಾನಿಗೆ ಕರಕೊಂಡು ಹೋಗು.”

ನಾವು ಆಮೇಲೆ ಓದಿದ ಎಷ್ಟೋ ಪುಸ್ತಕಗಳಲ್ಲಿ ಇಷ್ಟು ಸ್ಪಷ್ಟ ಮಾತು ಸಿಕ್ಕಿಲ್ಲ.

ದವಾಖಾನೆಗೆ ಹೋಗಲು ಇನ್ನೂ ಹತ್ತು ವರ್ಷ ಹಿಡಿಯಿತು. ರೊಕ್ಕ ಇರಲಿಲ್ಲ, ಮತ್ತೇನಿಲ್ಲ. ನಡುವೆ ಡಿಗ್ರಿ ಆಯಿತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ್ದು ನಾವೇ ಮೊದಲು, ಹೀಗಾಗಿ ಎಲ್ಲರ ಕಣ್ಣು ನೌಕರಿಯ ಮೇಲೆ. ಪೊಲೀಸ್ ಪೇದೆಯ ಅರ್ಜಿ ಹಾಕಿದೆವು. ಲಿಖಿತ ಪರೀಕ್ಷೆ ಪಾಸಾಯಿತು. ಮುಂದಿನದು ಮೈಯ ಪರೀಕ್ಷೆ. 168 ಸೆಂಟಿಮೀಟರ್ ಎತ್ತರ ಇರಬೇಕು, ನಾವು ಇದ್ದೇವೆ. ಎದೆ 86 ಸೆಂಟಿಮೀಟರ್, ಉಸಿರು ತುಂಬಿದಾಗ 5 ಸೆಂಟಿಮೀಟರ್ ಹಿಗ್ಗಬೇಕು. ಬಯಲಲ್ಲಿ ಸಾಲು ಹಚ್ಚಿ, ಅಂಗಿ ಬನಿಯನ್ ತೆಗೆದು, ಕೈ ಎತ್ತಿ ನಿಲ್ಲಬೇಕು. ಒಬ್ಬ ಟೇಪು ಸುತ್ತುತ್ತಾನೆ, ಒಬ್ಬ ಕೂಗುತ್ತಾನೆ, ಒಬ್ಬ ಬರೆದುಕೊಳ್ಳುತ್ತಾನೆ. ನಾವು ಹೋಗಲಿಲ್ಲ. ಅಳತೆಯಲ್ಲಿ ಎದೆ ಕಡಿಮೆ ಬಿದ್ದು ಮನೆಗೆ ಬಂದವರನ್ನು ಕಂಡಿದ್ದೇವೆ. ಹೆಚ್ಚಾಗಿದ್ದಕ್ಕೆ ಹೋಗದೆ ಉಳಿದವರು ನಾವೊಬ್ಬರೇ ಇರಬೇಕು.

ಆದ್ದರಿಂದ ಒಂದು ದೊಡ್ಡಾಸ್ಪತ್ರೆಯ ಕೌಂಟರಿನಲ್ಲಿ ಅಪ್ಪ ಬಡವರ ಕಾರ್ಡು ಮುಂದಿಟ್ಟಾಗ, ಒಳಗೆ ಕೂತಾತ “ಇದು ಚಂದಕ್ಕ ಮಾಡಸೂದ್ರೀ, ಕಾರ್ಡ್ ನಡಿಯಂಗಿಲ್ಲ” ಅಂದದ್ದು ನಮ್ಮೊಳಗೆ ಮುಳ್ಳಿನಂತೆ ಉಳಿದಿದೆ. ಚಂದ! ಯಾರ ಚಂದ? ಎಸಿ ಕೋಣೆಯಲ್ಲಿ ಕೋಟು ಹಾಕಿ ಕೂರುವವನಿಗೆ ಇದು ಚಂದದ ಮಾತಿರಬಹುದು, ಅವನ ಎದೆ ಅವನ ಹೆಂಡತಿ ಬಿಟ್ಟು ಯಾರ ಕಣ್ಣಿಗೂ ಬೀಳುವುದಿಲ್ಲ. ಬರೇ ಮೈಯಲ್ಲಿ ದುಡಿಯುವವನಿಗೆ ಎದೆ ಕೂಲಿಯ ಮಾತು. ಅಂಗಿ ಬಿಚ್ಚಲಾರದವನಿಗೆ ಗದ್ದೆ ಇಲ್ಲ, ಮಿಲ್ಲಿಲ್ಲ, ಪೊಲೀಸಿಲ್ಲ, ಹೊಳೆಯ ಸ್ನಾನವೂ ಇಲ್ಲ. ಏಳನೇ ಶತಮಾನದ ಗ್ರೀಕ್ ವೈದ್ಯ, ಏಜಿನಾದ ಪಾಲ್ ಎಂಬಾತ ಈ ಆಪರೇಷನ್ನಿನ ವಿಧಾನ ಬರೆದಿಟ್ಟವರಲ್ಲಿ ಮೊದಲಿಗ. ಮೊಲೆಯ ಕೆಳಗೆ ಅರ್ಧಚಂದ್ರದಂತೆ ಕೊಯ್ದು ಕೊಬ್ಬು ತೆಗೆದು ಹೊಲಿಯಬೇಕು ಅಂದ. ಇದರಿಂದ ಗಂಡಿಗೆ ಹೆಣ್ಣಿಗ ಎಂಬ ನಿಂದೆ ಬರುತ್ತದಾದ್ದರಿಂದ ಆಪರೇಷನ್ ಮಾಡಬಹುದು ಎಂದು ಕಾರಣವನ್ನೂ ಬರೆದ. ಸಾವಿರದ ಮುನ್ನೂರು ವರ್ಷದ ಹಿಂದಿನ ಆ ಮುದುಕನಿಗೆ ತಿಳಿದದ್ದು ಕೌಂಟರಿಗೆ ತಿಳಿಯಲಿಲ್ಲ. (ಹೆಣ್ಣಿನಂತೆ ಇರುವುದು ನಿಂದೆ ಯಾಕಾಗಬೇಕು ಎಂದು ಆ ಮುದುಕನನ್ನೂ ಕೇಳಬೇಕು. ಹುಲಿಗಿಯ ಜೋಗಮ್ಮ ಕೇಳುತ್ತಿದ್ದಳು.)

ಕಡೆಗೆ ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆ. 60,000 ರೂಪಾಯಿ. ಅವ್ವನ ಮಹಿಳಾ ಸಂಘದ ಸಾಲ 30,000, ಎರಡು ಆಡು ಮಾರಿದ್ದು, ಉಳಿದದ್ದು ನಾವು ಕುಷ್ಟಗಿಯ ಒಂದು ಪ್ರೈವೇಟ್ ಶಾಲೆಯಲ್ಲಿ ಕನ್ನಡ ಪಾಠ ಹೇಳಿ ಕೂಡಿಟ್ಟದ್ದು.

ಹಿಂದಿನ ರಾತ್ರಿ ವಾರ್ಡಿನ ಹುಡುಗ ಬ್ಲೇಡು ತಂದು ಎದೆಯ, ಕಂಕುಳ ಕೂದಲು ಬೋಳಿಸಿದ. ಹೆಸರು ಕೇಳಿದ, ಊರು ಕೇಳಿದ, ಜಾತಿ ಕೇಳಲಿಲ್ಲ. ಬೇರೆಯವರಿಗೆ ಇದು ಸಣ್ಣ ಮಾತು. ಕ್ಷೌರದಂಗಡಿ, ಹೋಟೆಲ್ಲಿನ ಬಾಗಿಲು ದಲಿತರಿಗೆ ಮುಚ್ಚಿದ್ದರ ಜಗಳದಲ್ಲಿ 2014ರ ಆಗಸ್ಟ್ 28ರಂದು ಗುಡಿಸಲುಗಳಿಗೆ ಬೆಂಕಿ ಬಿದ್ದ ಮರಕುಂಬಿ ನಮ್ಮ ಗಂಗಾವತಿ ತಾಲ್ಲೂಕಿನದೇ. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮರುತಿಂಗಳು ಹೈಕೋರ್ಟಿನಲ್ಲಿ ಬಹುತೇಕರಿಗೆ ಜಾಮೀನೂ ಆಯಿತು. ಅಂಥ ಸೀಮೆಯಿಂದ ಬಂದವರ ಮೈಮೇಲೆ ಒಬ್ಬ ಕತ್ತಿ ಆಡಿಸುತ್ತಾ ಸಿನೆಮಾ ಹಾಡು ಗುನುಗುತ್ತಿದ್ದರೆ ಸುಮ್ಮನೆ ಮಲಗಿ ಕೇಳಬೇಕು ಅನ್ನಿಸುತ್ತದೆ.

ಬೆಳಗ್ಗೆ ನಿಲ್ಲಿಸಿ ಎದೆಯ ಮೇಲೆ ಪೆನ್ನಿನಿಂದ ಗೆರೆ ಹಾಕಿದರು. ಸೂಜಿ ಕೊಟ್ಟರು, ಮಲಗಿಸಿದರು. ಬಗಲಲ್ಲಿ ಸಣ್ಣ ತೂತು ಮಾಡಿ ನಳಿಗೆಯಿಂದ ಕೊಬ್ಬು ಹೀರಿ, ಆಮೇಲೆ ತೊಟ್ಟಿನ ಸುತ್ತಲಿನ ಕಪ್ಪಿನ ಕೆಳ ಅಂಚಿನಲ್ಲಿ ಕೊಯ್ದು ಗ್ರಂಥಿ ತೆಗೆಯುವುದು. 1946ರಲ್ಲಿ ವೆಬ್‌ಸ್ಟರ್ ಎಂಬ ಅಮೆರಿಕದ ಸರ್ಜನ್ ಬರೆದ ಕೊಯ್ತ, ಗಾಯದ ಕಲೆ ಕಪ್ಪಿನಲ್ಲೇ ಅಡಗುತ್ತದೆ. ತೊಟ್ಟು ಒಳಗೆ ಕುಸಿಯಬಾರದೆಂದು ಅದರ ಹಿಂದೆ ಸ್ವಲ್ಪ ಗ್ರಂಥಿ ಬಿಡುತ್ತಾರೆ. ತೆಗೆದದ್ದನ್ನು ಡಬ್ಬಿಯಲ್ಲಿ ಹಾಕಿ ಅವ್ವನಿಗೆ ತೋರಿಸಿದರಂತೆ. ನಿಂಬೆಹಣ್ಣಿನಷ್ಟು ಬೆಳ್ಳಗಿನ ರಬ್ಬರಿನಂಥ ಎರಡು ತುಂಡು. “ಇಷ್ಟs ಏನು?” ಅಂದಳಂತೆ ಅವ್ವ. ಹನ್ನೆರಡು ವರ್ಷದ ಉಪವಾಸ ಇಷ್ಟಕ್ಕೇ ಏನು ಅಂತ. ಆ ತುಂಡುಗಳನ್ನು ಪರೀಕ್ಷೆಗೆ ಕಳಿಸಿದರು. ಗಂಡಸರಿಗೂ ಮೊಲೆಯ ಕ್ಯಾನ್ಸರ್ ಬರುತ್ತದೆ, ಅಪರೂಪಕ್ಕೆ. ನಮ್ಮದರಲ್ಲಿ ಅಂಥದ್ದೇನೂ ಇರಲಿಲ್ಲ.

ಎಚ್ಚರಾದಾಗ ಎದೆಯ ಮೇಲೆ ಯಾರೋ ಕೂತಂಗಿತ್ತು. ಎರಡೂ ಬಗಲಿಂದ ನಳಿಗೆ, ನಳಿಗೆಯ ತುದಿಗೆ ಬಾಟ್ಲಿ, ಬಾಟ್ಲಿಯಲ್ಲಿ ಕೆಂಪು ನೀರು. ಕೆಮ್ಮಿದರೆ ಜೀವ ಹೋಗುತ್ತಿತ್ತು. ಮೂರನೇ ರಾತ್ರಿ ಎಡಗಡೆ ಊದಿಕೊಂಡು ಬಿಗಿಯಿತು, ಒಳಗೆ ರಕ್ತ ನಿಂತಿತ್ತು. ಈ ಆಪರೇಷನ್ನಿನಲ್ಲಿ ಹೆಚ್ಚಾಗಿ ಆಗುವ ತೊಂದರೆ ಇದೇ ಅಂತ ಹೇಳಿ ಸಿರಿಂಜಿನಿಂದ ತೆಗೆದರು. ಎದೆಯನ್ನು ಬಿಗಿಯಾಗಿ ಒತ್ತಿಹಿಡಿಯುವ ಬನಿಯನ್ ಕೊಟ್ಟರು, ಆರು ವಾರ ಹಗಲು ರಾತ್ರಿ ಹಾಕಬೇಕು. ಅದನ್ನು ನೋಡಿ ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಥೇಟ್ ಕುಬಸ! ಮಲಿ ಹೋದ ಮೇಲೆ ಕುಬಸ ಬಂತು.

ಕೊಪ್ಪಳಕ್ಕೆ ರೈಲಿನಲ್ಲಿ ಬಂದೆವು, ಅಲ್ಲಿಂದ ಬಸ್ಸು. ಆ ರಸ್ತೆಯ ಒಂದೊಂದು ತಗ್ಗೂ ಹೊಲಿಗೆಗೆ ಲೆಕ್ಕ ಒಪ್ಪಿಸಿತು. ಅಪ್ಪ ಪಕ್ಕದಲ್ಲಿ ಕೂತು ತಗ್ಗು ಬರುವ ಮುಂಚೆ ನಮ್ಮ ಬೆನ್ನಿಗೆ ಅಂಗೈ ಕೊಡುತ್ತಿದ್ದ.

ಕೈ ಹೆಗಲಿಗಿಂತ ಮೇಲೆ ಎತ್ತುವಂತಿಲ್ಲ. ಹಾಗಾಗಿ ಮೂರು ವಾರ ಅಪ್ಪ ತಲೆ ತೊಳೆದ. ಮಿಲ್ಲಿನಿಂದ ರಜೆ ಹಾಕಿದ್ದ, ರಜೆ ಅಂದರೆ ಕೂಲಿ ಇಲ್ಲ. ಚೀಲ ಹೊತ್ತು ಗಂಟುಗಟ್ಟಿದ ಕೈ. ಆ ಕೈ ನಮ್ಮನ್ನು ಮುಟ್ಟಿ ಹದಿನೈದು ವರ್ಷ ಆಗಿತ್ತು. ಚೊಂಬಿನಿಂದ ನೀರು ಹಾಕುತ್ತಾ ಪಟ್ಟಿ ತೊಯ್ಯದಂತೆ ಒಂದು ಕೈ ಎದೆಗೆ ಅಡ್ಡ ಹಿಡಿಯುತ್ತಿದ್ದ. ಮಾತಿಲ್ಲ. ಒಂದು ದಿನ ಮಾತ್ರ ಅಂದ: “ಅವತ್ತು ಮಿಲ್ಲಿನ್ಯಾಗ ಅವ ಹಂಗಂದಾಗ, ಚೀಲ ಅವನ ಮ್ಯಾಲೆ ಒಗೀಬೇಕಂತ ಮಾಡಿದ್ಯಾ. ಚೀಲ ಹರದರ ಪಗಾರದಾಗ ಹಿಡೀತಾರ.” ನೀರು ಹಾಕಿದ.

ಕೇರಿಯವರಿಗೆ ಗಂಟು ತೆಗೆಸಿದ್ದು ಅಂತ ಹೇಳಿದ್ದೆವು, ಸುಳ್ಳಲ್ಲ. ಬಂದವರು ರೊಟ್ಟಿ, ತತ್ತಿ, ಒಬ್ಬಾಕೆ ಒಂದು ಕೋಳಿಯನ್ನೇ ತಂದಳು. ಹಾಲು ಕುಡಿಸೂದೈತೇನು ಅಂದಾತನೂ ಬಂದ, ಬಾಳೆಹಣ್ಣು ಹಿಡಕೊಂಡು, ಬಹಳ ಹೊತ್ತು ನೆಲ ನೋಡುತ್ತಾ ಕೂತಿದ್ದ.

ಈಗ ಎಡತೊಟ್ಟಿಗೆ ಮುಟ್ಟಿದ್ದು ಪೂರ್ತಿ ತಿಳಿಯುವುದಿಲ್ಲ, ಬರಬಹುದು ಅಂದಿದ್ದಾರೆ. ಬಲಗಡೆ ಒಂದು ಸಣ್ಣ ಗಟ್ಟಿ ಉಳಿದಿದೆ. ಬೆನ್ನು ಮಾತ್ರ ಇನ್ನೂ ಬಾಗಿಯೇ ನಡೆಯುತ್ತದೆ. ಅದಕ್ಕೆ ಯಾರೂ ಹೊಲಿಗೆ ಹಾಕಿಲ್ಲ. ಹೋದ ನಾಟಿಯಲ್ಲಿ ಗಂಗಾವತಿ ಕಡೆ ಹೋಗಿ ಅಂಗಿ ಬಿಚ್ಚಿ ಸಸಿ ಹೊತ್ತೆವು, ಬೆನ್ನು ಸುಟ್ಟು ಸಿಪ್ಪೆ ಎದ್ದಿತು. ಬಿಸಿಲು ಇಷ್ಟು ಬಿಸಿ ಅಂತ ಗೊತ್ತಿರಲಿಲ್ಲ. ಸಂಘದ ಸಾಲ ಇನ್ನೂ ಹದಿನಾಲ್ಕು ಕಂತು ಇದೆ.

ಹೋದ ವಾರ ಕತ್ತಲಾದ ಮೇಲೆ ಎಂಟನೇತ್ತೆಯ ಹುಡುಗನೊಬ್ಬ ಬಂದು ಬಾಗಿಲ ಹೊರಗೇ ನಿಂತ. “ಅಣ್ಣಾ, ನನಗೂ...” ಅಂದ, ಮುಂದೆ ಹೇಳಲಿಲ್ಲ. ಒಳಗೆ ಕರೆದು ಕೂಡಿಸಿದೆವು. ನಿನ್ನ ವಯಸ್ಸಿಗೆ ಇದು ಬಹಳ ಮಂದಿಗೆ ಆಗ್ತೈತಿ, ಎರಡು ವರ್ಷ ನೋಡು, ತಾನs ಇಳೀಬಹುದು, ಇಳೀಲಿಲ್ಲ ಅಂದ್ರ ಡಾಕ್ಟರ ಹತ್ರ ನಾವೇ ಕರಕೊಂಡು ಹೋಗ್ತೀವಿ ಅಂದೆವು. ಬೆರಳು ಎಣಿಸಿದ. “ಅಂದ್ರ ಎಸ್ಸೆಸ್ಸೆಲ್ಸಿ ತನಕ” ಅಂದ. ಆಮೇಲೆ ಕೇಳಿದ: “ಅಲ್ಲೀತನಕ ಪಿ.ಟಿ. ಪೀರಿಯಡ್ಡಿಗೆ ಏನು ಮಾಡ್ಲಿ? ಸರ್ ಅಂಗಿ ಬಿಚ್ಚಸ್ತಾರ.”

ಸೋಮವಾರ ಶಾಲೆಗೆ ಹೋಗಿ ಆ ಸರ್ ಹತ್ತಿರ ಮಾತಾಡುವವರಿದ್ದೇವೆ. ಅಪ್ಪನೂ ಬರ್ತೀನಿ ಅಂದಿದ್ದಾನೆ.