ಅರವತ್ತು ಕ್ಯಾಂಡಲಿನ ಕಾವು

ಕಾಮಾಕ್ಷಿಪಾಳ್ಯದ ನಮ್ಮ ಮನೆಗೆ ಮೊದಲ ಹೇಂಟೆ ಬಂದದ್ದು 1978ರಲ್ಲಿ, ಮಾಗಡಿ ಬಸ್ಸಿನ ಸೀಟಿನ ಅಡಿಯಲ್ಲಿ. ಅಜ್ಜಿ ಅದರ ಕಾಲಿಗೆ ಬಾಳೆನಾರು ಕಟ್ಟಿ, ಮಂಕರಿಯಲ್ಲಿ ಕೂರಿಸಿ, ಮೇಲೆ ಹಳೇ ಸೀರೆ ಹೊದಿಸಿ ತಂದಿದ್ದಳು. ಕಂಡಕ್ಟರು ಕೋಳಿಗೂ 25 ಪೈಸೆ ಲಗೇಜು ಹಾಕಿದ್ದ. ಅಪ್ಪ ಆಗ ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಲೇತ್ ಶಾಪಿನಲ್ಲಿ ಟರ್ನರ್. ಮನೆ ಬಾಡಿಗೆ 70 ರೂಪಾಯಿ. ಹೆಂಚಿನ ಎರಡಂಕಣ, ಹಿಂದೆ ಬಚ್ಚಲು, ಅದರಾಚೆ ನುಗ್ಗೆಮರದ ಒಂದು ಹಿತ್ತಲು. ಆ ಹಿತ್ತಲು ಇದ್ದದ್ದರಿಂದಲೇ ಈ ಕಥೆ.

ಯುಗಾದಿಯ ಸುಮಾರಿಗೆ ಹೇಂಟೆ ಗರಿ ಕೆದರಿಕೊಂಡು, ಕೊರ್‍ರ್ ಕೊರ್‍ರ್ ಎನ್ನುತ್ತ ಮೂಲೆ ಹಿಡಿದು ಕೂತಿತು. ಕಾವಿಗೆ ಬಂತು ಎಂದಳು ಅಜ್ಜಿ. ಮಂಕರಿಗೆ ರಾಗಿಹುಲ್ಲು ಹಾಸಿ 11 ಮೊಟ್ಟೆ ಇಟ್ಟಳು. ಬೆಸ ಸಂಖ್ಯೆಯೇ ಆಗಬೇಕು. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಹುಲ್ಲಿನಡಿ ಇದ್ದಿಲು, ಒಣಮೆಣಸಿನಕಾಯಿ, ಒಂದು ಚೂರು ಕಬ್ಬಿಣ ಇಡುವುದು ನಮ್ಮ ಕಡೆಯ ವಾಡಿಕೆ. ಊರಿನಲ್ಲಾದರೆ ಮುರಿದ ಕುಡುಗೋಲು. ಇಲ್ಲಿ ಅಪ್ಪ ಶಾಪಿನಿಂದ ಅರ್ಧ ಇಂಚಿನ ಒಂದು ನಟ್ಟು ತಂದುಕೊಟ್ಟರು. ಕಟಿಂಗ್ ಆಯಿಲ್ಲಿನ ವಾಸನೆ ಹೊಡೆಯುತ್ತಿದ್ದ ಅದನ್ನು ಅಜ್ಜಿ ಸೀಗೇಪುಡಿಯಲ್ಲಿ ತೊಳೆದು ಇಟ್ಟಳು. ಏಳನೇ ರಾತ್ರಿ ಬುಡ್ಡಿ ದೀಪಕ್ಕೆ ಒಂದೊಂದೇ ಮೊಟ್ಟೆ ಹಿಡಿದು ನೋಡಿದಳು. ಒಳಗೆ ಜೇಡರ ಬಲೆಯಂಥ ಕೆಂಪು ನರ ಕಂಡರೆ ಜೀವ ಇದೆ, ಬರೀ ಹಳದಿ ಕಂಡರೆ ಜೊಳ್ಳು. ಒಂದು ಜೊಳ್ಳು ಸಿಕ್ಕಿತು.

20ನೇ ದಿನ ಸಂಜೆ ಮೊಟ್ಟೆಗೆ ಕಿವಿಯಿಟ್ಟರೆ ಒಳಗೆ ಟಿಕ್ ಟಿಕ್ ಕೇಳಿಸಿತು. ಬೆಳಗಾಗುವುದರೊಳಗೆ ಒಂದು ಮೊಟ್ಟೆಯ ಮೇಲೆ ಎಳ್ಳಿನಷ್ಟು ಬಿರುಕು. ಮಧ್ಯಾಹ್ನವಾದರೂ ಅಷ್ಟೇ. ನನಗೆ ಒಂಬತ್ತು ವರ್ಷ, ಕಾಯುವ ವಯಸ್ಸಲ್ಲ. ಹೇಂಟೆ ಕಾಳು ತಿನ್ನಲು ಇಳಿದ ಹೊತ್ತು ನೋಡಿ ಉಗುರಿನಿಂದ ಚಿಪ್ಪು ಬಿಡಿಸತೊಡಗಿದೆ. ಚಿಪ್ಪಿನ ಕೆಳಗೆ ಈರುಳ್ಳಿ ಸಿಪ್ಪೆಯಂಥ ತೆಳ್ಳನೆಯ ಪೊರೆ. ಎಳೆದೆ. ದಾರದಂಥ ನಾಳಗಳಿಂದ ರಕ್ತ ಜಿನುಗಿತು. ಕೈಗೆ ಬಂದ ಮರಿಯ ಹೊಟ್ಟೆಯಡಿ ಹಳದಿ ಗಂಟು ಇನ್ನೂ ಜೋತಾಡುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಅದು ಸತ್ತಿತು. ಅಜ್ಜಿ ಬೈಯಲಿಲ್ಲ. "ಅದು ಬರೋ ಹೊತ್ತಿಗೆ ಅದೇ ಬತ್ತಿತ್ತಲ್ಲ ಮಗಾ" ಎಂದಷ್ಟೇ ಹೇಳಿ ನುಗ್ಗೆಮರದ ಬುಡದಲ್ಲಿ ಹೂತಳು. ಬಿರುಕು ಬಿಟ್ಟ ಮೇಲೂ ಮರಿ ಹನ್ನೆರಡು ಗಂಟೆಯೋ ಒಂದು ಹಗಲು ಒಂದು ರಾತ್ರಿಯೋ ಒಳಗೇ ಇರುತ್ತದೆ. ಪೊರೆಯ ರಕ್ತ ಮೈಗೆ ಇಳಿಯುವುದು, ಹಳದಿ ಹೊಟ್ಟೆಯೊಳಕ್ಕೆ ಸೇರುವುದು ಆಗಲೇ. ಇದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅಜ್ಜಿಗೆ ಕಾರಣ ಗೊತ್ತಿರಲಿಲ್ಲ, ಆದರೆ ಮೊಟ್ಟೆ ಮುಟ್ಟಬಾರದೆಂಬುದು ಗೊತ್ತಿತ್ತು.

ಉಳಿದ ಒಂಬತ್ತೂ ಮರಿಯಾದವು. ಮೊದಲ ದಿನ ಅಜ್ಜಿ ಅವಕ್ಕೆ ಒಂದು ಕಾಳೂ ಹಾಕಲಿಲ್ಲ. ಪಾಪ ಹಸಿದಿವೆ ಎಂದು ನಾನು ಗೋಗರೆದೆ. ಒಳಗೆ ಸೇರಿದ ಆ ಹಳದಿಯೇ ಎರಡು ದಿನದ ಬುತ್ತಿ. ದೊಡ್ಡ ಹ್ಯಾಚರಿಗಳವರು ಒಂದು ದಿನದ ಮರಿಗಳನ್ನು ರಟ್ಟಿನ ಡಬ್ಬದಲ್ಲಿ ತುಂಬಿ ದೂರದೂರಿಗೆ ಕಳಿಸಲು ಧೈರ್ಯ ಮಾಡುವುದೂ ಅದನ್ನು ನಂಬಿಯೇ. ಎರಡನೇ ದಿನ ಮೊರದಲ್ಲಿ ಅಕ್ಕಿನುಚ್ಚು ಹರಡಿದಳು. ಕರಟದಲ್ಲಿ ನೀರಿಟ್ಟು, ಮರಿ ಒಳಗೆ ಬಿದ್ದು ನೆನೆಯದಂತೆ ನಾಲ್ಕಾರು ಬೆಣಚುಕಲ್ಲು ಹಾಕಿದಳು. ನೆನೆದ ಮರಿ ಅರ್ಧ ಸತ್ತಂತೆಯೇ. ಹಿತ್ತಲ ಮೂಲೆಯಲ್ಲಿ ಒಡಕು ಮಡಕೆಗೆ ಸಗಣಿ, ಹುಲ್ಲು ತುರುಕಿ, ನೀರು ಚಿಮುಕಿಸಿ ಬೋರಲು ಹಾಕಿದರೆ ಮಾರನೇ ಬೆಳಿಗ್ಗೆಗೆ ಗೆದ್ದಲು ತುಂಬಿರುತ್ತಿತ್ತು. ಅದನ್ನು ಕೊಡವಿದಾಗ ಮರಿಗಳು ಮುಗಿಬೀಳುತ್ತಿದ್ದ ಸದ್ದು, ಒದ್ದೆ ಸಗಣಿಯ ಆ ವಾಸನೆ ಇವತ್ತಿಗೂ ನನಗೆ ಗುರುತಿದೆ. ಒಂಬತ್ತರಲ್ಲಿ ಎರಡನ್ನು ಹದ್ದು ಒಯ್ದಿತು, ಒಂದನ್ನು ಹೆಗ್ಗಣ. ಆರು ಉಳಿದವು. ಆ ಕಾಲಕ್ಕೆ ಅದು ಒಳ್ಳೆಯ ಲೆಕ್ಕ.

ತಾಯಿ ಇರುವ ಮರಿಗೆ ನಾವು ಮಾಡುವ ಕೆಲಸ ಕಡಿಮೆ ಎಂದು ಗೊತ್ತಾದದ್ದು ತಾಯಿ ಇಲ್ಲದ ಮರಿ ತಂದಾಗ. 1983ರಲ್ಲಿರಬೇಕು, ಬೀದಿಯಲ್ಲಿ ಸೈಕಲ್ಲಿನವನೊಬ್ಬ ಬಣ್ಣದ ಮರಿ ಮಾರಲು ಬಂದ. ಗುಲಾಬಿ, ಹಸಿರು, ನೇರಳೆ. ರೂಪಾಯಿಗೆ ಮೂರು; ಹಳೇ ಕಬ್ಬಿಣ ಕೊಟ್ಟರೂ ಆದೀತು. ನಮ್ಮ ಬೀದಿಯಲ್ಲಿ ಕಬ್ಬಿಣಕ್ಕೇನು ಬರ? ತಮ್ಮ ಒಂದು ಚೀಲ ಚೂರು ಕೊಟ್ಟು ಆರು ಮರಿ ತಂದ. ಅವೆಲ್ಲ ಮೊಟ್ಟೆ ತಳಿಯ ಗಂಡುಮರಿಗಳು. ಹ್ಯಾಚರಿಯಲ್ಲಿ ಮೊದಲ ದಿನವೇ ಹೆಣ್ಣು ಗಂಡು ಬೇರ್ಪಡಿಸಿ, ಮೊಟ್ಟೆಯಿಡದ ಗಂಡನ್ನು ಬೇಡವೆಂದು ಬಿಡುತ್ತಾರೆ. ಅವಕ್ಕೆ ಬಣ್ಣ ಬಳಿದು ಮಕ್ಕಳ ಕೈಗೆ ಮಾರುತ್ತಿದ್ದರು. ನಮಗೆ ಅದು ಗೊತ್ತಿರಲಿಲ್ಲ. ರಾತ್ರಿ ಡಬ್ಬದ ಮೂಲೆಯಲ್ಲಿ ಒಂದರ ಮೇಲೊಂದು ಹತ್ತಿ ಕಿರುಚುತ್ತಿದ್ದವು, ಬೆಳಿಗ್ಗೆ ಅಡಿಯಲ್ಲಿದ್ದ ಎರಡು ಸತ್ತಿದ್ದವು.

ಅಪ್ಪ ಕೆಲಸದಿಂದ ಬರುತ್ತಾ 60 ಕ್ಯಾಂಡಲಿನ ಬಲ್ಬು ತಂದರು. ಆಗ ವಾಟ್ ಎನ್ನುತ್ತಿರಲಿಲ್ಲ, ಕ್ಯಾಂಡಲ್ ಎನ್ನುತ್ತಿದ್ದೆವು. ಮಲ್ಲೇಶ್ವರದ ಮೈಸೂರು ಲ್ಯಾಂಪ್ಸ್ ಕಾರ್ಖಾನೆಯ ಬಲ್ಬು, 5 ರೂಪಾಯಿ. 1936ರಲ್ಲಿ ಶುರುವಾದ ಆ ಕಾರ್ಖಾನೆಯ ಬಲ್ಬು ಇಲ್ಲದ ಮನೆ ನಮ್ಮ ವಠಾರದಲ್ಲಿರಲಿಲ್ಲ. ಅದನ್ನು ಡಬ್ಬದ ಒಂದು ಬದಿಗೆ ಮಾತ್ರ ಇಳಿಬಿಟ್ಟು, ಅಪ್ಪ ಸ್ಟೂಲಿನ ಮೇಲೆ ಕೂತು ಬೀಡಿ ಸೇದುತ್ತಾ ಮರಿಗಳನ್ನೇ ನೋಡಿದರು. ಬಲ್ಬಿನಡಿ ಗುಂಪುಗಟ್ಟಿದರೆ ಒಂದು ಗೇಣು ಇಳಿಸಿದರು. ಬಾಯಿ ತೆರೆದು ತೇಕುತ್ತಾ ದೂರ ಸರಿದರೆ ಮೇಲೆತ್ತಿದರು. ಕೊನೆಗೆ ನಾಲ್ಕೂ ಮರಿ ಅಲ್ಲಲ್ಲಿ ಕಾಲು ಚಾಚಿ ಮಲಗಿ, ಕಿರುಚಾಟ ನಿಂತು ಸಣ್ಣ ಚಿಲಿಪಿಲಿ ಉಳಿಯಿತು. "ಈಗ ಹದ ಬಂತು" ಎಂದರು. ಮೊದಲ ವಾರ 95 ಡಿಗ್ರಿ ಫ್ಯಾರನ್‌ಹೀಟ್, ಆಮೇಲೆ ವಾರಕ್ಕೆ 5 ಡಿಗ್ರಿ ಇಳಿಸಬೇಕು ಎಂದು ಪುಸ್ತಕಗಳು ಹೇಳುತ್ತವೆ. ಅಪ್ಪನ ಹತ್ತಿರ ಥರ್ಮಾಮೀಟರ್ ಇರಲಿಲ್ಲ, ಮರಿಗಳೇ ಥರ್ಮಾಮೀಟರ್.

ಡಬ್ಬಕ್ಕೆ ನಾನು ನ್ಯೂಸ್‌ಪೇಪರ್ ಹಾಸಿದ್ದೆ. ನುಣುಪು ಕಾಗದದ ಮೇಲೆ ಕಾಲು ಜಾರಿ ಒಂದು ಮರಿ ಕಾಲಗಲಿಸಿಕೊಂಡು ಬಿತ್ತು, ಏಳಲಾರದಾಯಿತು. ಅಮ್ಮ ಎರಡೂ ಕಾಲಿಗೆ ಉಣ್ಣೆ ದಾರವನ್ನು ಸಡಿಲವಾಗಿ ಕಟ್ಟಿ, ಗೋಣಿತಾಟು ಹಾಸಿದಳು. ಮೂರು ದಿನಕ್ಕೆ ನಡೆಯಿತು. ಇನ್ನೊಂದರ ಹಿಂಬದಿಗೆ ಹಿಕ್ಕೆ ಅಂಟಿ ಗಟ್ಟಿಯಾಗಿತ್ತು. ಬಿಟ್ಟರೆ ದಾರಿ ಮುಚ್ಚಿ ಸಾಯುತ್ತದೆ, ಕಿತ್ತರೆ ಚರ್ಮ ಬರುತ್ತದೆ. ಬಿಸಿನೀರಿನ ಬಟ್ಟೆಯಲ್ಲಿ ನೆನೆಸಿ ನೆನೆಸಿ ತೆಗೆದು ಹರಳೆಣ್ಣೆ ಸವರಿದಳು.

ಆಗ ಕರೆಂಟು ಹೇಳದೇ ಕೇಳದೇ ಹೋಗುತ್ತಿತ್ತು. ಒಂದು ರಾತ್ರಿ ಹನ್ನೊಂದಕ್ಕೆ ಹೋದದ್ದು ಬರಲೇ ಇಲ್ಲ. ಅಮ್ಮ ಬಚ್ಚಲೊಲೆಗೆ ಸೌದೆ ಒಟ್ಟಿ, ಹಂಡೆಯ ಬಿಸಿನೀರನ್ನು ಹಾರ್ಲಿಕ್ಸ್ ಬಾಟಲಿಗೆ ತುಂಬಿ, ಅಪ್ಪನ ಹಳೇ ಕಾಲುಚೀಲ ತೊಡಿಸಿ ಡಬ್ಬದ ನಡುವೆ ನಿಲ್ಲಿಸಿದಳು. ಮರಿಗಳು ಅದಕ್ಕೆ ಒರಗಿ ಮಲಗಿದವು. ಗಂಟೆಗೊಮ್ಮೆ ನೀರು ಬದಲಿಸುವ ಪಾಳಿ: ಅಮ್ಮ, ನಾನು, ಮತ್ತೆ ಅಮ್ಮ. ನಾಲ್ಕೂ ಉಳಿದವು. ನನ್ನ ಕೈಯಿಂದ ಒಂದು ಜೀವ ಉಳಿಯಿತು ಎಂದು ಮೊದಲ ಸಲ ಅನ್ನಿಸಿದ್ದು ಆವತ್ತು ಬೆಳಗಿನ ಜಾವ.

ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದವರ ಗಿರಿರಾಜ ಕೋಳಿ ಹೆಸರು ಮಾಡಿದಾಗ ಅಮ್ಮ ಬಸ್ಸು ಬದಲಿಸಿ ಹೋಗಿ 12 ಮರಿ ತಂದಳು. ಬೇಗ ಬೆಳೆಯುವ ತಳಿ, ಆದರೆ ಹೇಂಟೆ ಕಾವಿಗೆ ಕೂರುವುದಿಲ್ಲ. ಆ ಹೊತ್ತಿಗೆ ನಮ್ಮ ನಾಟಿ ಹೇಂಟೆಯೊಂದು ಕಾವಿಗೆ ಕೂತಿತ್ತು. ರಾತ್ರಿ ಕತ್ತಲಲ್ಲಿ ಮೊಟ್ಟೆ ತೆಗೆದು ಒಂದೊಂದೇ ಮರಿಯನ್ನು ರೆಕ್ಕೆಯಡಿ ತೂರಿಸಿದೆವು. ಬೆಳಿಗ್ಗೆ ಅದು ತನ್ನವೇ ಎಂಬಂತೆ ಹನ್ನೆರಡನ್ನೂ ಕರೆದುಕೊಂಡು ಹಿತ್ತಲಿಗಿಳಿಯಿತು. ಏಳನೇ ದಿನಕ್ಕೆ ಕೊಕ್ಕರೆ ರೋಗದ ಲಸಿಕೆ. ಒಂದು ಸೀಸೆ ನೂರು ಮರಿಗೆ. ಕಲಸಿದ ಮೇಲೆ ಇಟ್ಟುಕೊಳ್ಳುವ ಹಾಗಿಲ್ಲ. ಹಾಗಾಗಿ ಅಮ್ಮ ಬೀದಿಯವರನ್ನೆಲ್ಲ ಕೂಗಿದಳು. ಫ್ಲಾಸ್ಕಿನಲ್ಲಿ ಐಸ್ ತುಂಬಿ ತಂದ ಸೀಸೆಯ ಸುತ್ತ ನಾಲ್ಕು ಭಾಷೆಯ ಹೆಂಗಸರು ಮಡಿಲಲ್ಲಿ ಮರಿ ತುಂಬಿಕೊಂಡು ಕೂತರು. ಒಂದು ಕಣ್ಣಿಗೆ ಒಂದು ಹನಿ. ಮರಿ ಕಣ್ಣು ಮಿಟುಕಿಸಿದರೆ ಹನಿ ಒಳಗೆ ಹೋಯಿತು ಎಂದು ಲೆಕ್ಕ.

ಆಮೇಲೆ ಬೇಗ ಮುಗಿಯಿತು. 20ಕ್ಕೆ 30ರ ಸೈಟುಗಳಲ್ಲಿ ಹಿತ್ತಲು ಹೋಗಿ ಮೆಟ್ಟಿಲು ಬಂತು. ಆ ಹೊತ್ತಿಗೆ ಮನೆ ನಮ್ಮದೇ ಆಗಿತ್ತು; ನುಗ್ಗೆಮರ ಇದ್ದಲ್ಲಿ ನಾವೇ ಕೆಳಗೊಂದು ಪೌಡರ್ ಕೋಟಿಂಗ್ ಶೆಡ್ಡು ಕಟ್ಟಿ ಬಾಡಿಗೆಗೆ ಕೊಟ್ಟೆವು. ತಮ್ಮನ ಓದು, ನನ್ನ ಮದುವೆ ಆ ಬಾಡಿಗೆಯಲ್ಲೇ ಆದವು, ಹಾಗಾಗಿ ಮರದ ಬಗ್ಗೆ ನನಗೆ ದೂರಿಲ್ಲ. 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದ ಕೇಂದ್ರೀಯ ಕೋಳಿ ಸಾಕಣೆ ಸಂಸ್ಥೆಯಲ್ಲೇ ಹಕ್ಕಿಜ್ವರ ಕಾಣಿಸಿ ಸಾವಿರಾರು ಹಕ್ಕಿಗಳನ್ನು ಕೊಂದಾಗ ನಮ್ಮ ಬೀದಿಯ ಕೊನೆಯ ಎರಡು ಮನೆಯವರೂ ಕೋಳಿ ಬಿಟ್ಟರು. ಈಗ ಹೊಸಹಳ್ಳಿಯಿಂದ ಕಡಬಗೆರೆಗೆ ಮಾಗಡಿ ರಸ್ತೆಯ ಮೇಲೆ ಮೆಟ್ರೊ ಮಂಜೂರಾಗಿದೆ. ಬರಲಿ. ಅಜ್ಜಿಯ ಹೇಂಟೆ ಬಂದದ್ದೂ ಆ ಕಾಲದ ಹೊಸ ಬಸ್ಸಿನಲ್ಲೇ.

ಹೋದ ವರ್ಷ ಮೊಮ್ಮಗ ಊರ ಜಾತ್ರೆಯಿಂದ ಗುಲಾಬಿ ಬಣ್ಣದ ಮೂರು ಮರಿ ತಂದ. ರಟ್ಟಿನ ಡಬ್ಬಕ್ಕೆ ಒಂಬತ್ತು ವಾಟಿನ ಎಲ್‌ಇಡಿ ಬಲ್ಬು ಇಳಿಬಿಟ್ಟು ಮಲಗಿದ. ಬೆಳಕು ಹಾಲು ಚೆಲ್ಲಿದಂತೆ, ಕಾವು ಮಾತ್ರ ಒಂದಿಷ್ಟೂ ಇಲ್ಲ. ಬೆಳಿಗ್ಗೆಗೆ ಎರಡು ಸೆಟೆದಿದ್ದವು. ಅವನ ಮುಖ ನೋಡಿದಾಗ ಚಿಪ್ಪು ಬಿಡಿಸಿದ ಆ ಸಂಜೆಯ ನನ್ನ ಮುಖವೇ ಕಂಡಿತು, ನಾನೂ ಬೈಯಲಿಲ್ಲ. ಹಳೇ ನಮೂನೆಯ ಬಲ್ಬಿಗಾಗಿ ಮೂರು ಅಂಗಡಿ ತಿರುಗಿದೆವು. ನಾಲ್ಕನೆಯವನು ಅಟ್ಟದಿಂದ ಧೂಳು ಹಿಡಿದ ಒಂದನ್ನು ಇಳಿಸಿದ, 30 ರೂಪಾಯಿ. ಸ್ಟೂಲು ಹಾಕಿ ಮೊಮ್ಮಗನನ್ನು ಕೂರಿಸಿ, ಬಲ್ಬನ್ನಲ್ಲ ಮರಿಯನ್ನು ನೋಡು ಎಂದೆ.

ಮಗು ಕೇಳಿತೆಂದು ಬಣ್ಣದ ಮರಿ ಕೊಳ್ಳುವವರಿಗೆ ನನ್ನದೊಂದೇ ಕೋರಿಕೆ: ಮನೆಯಲ್ಲಿ ಬಿಸಿಯಾಗುವ ಬಲ್ಬು, ರಾತ್ರಿ ಎರಡು ಸಲ ಎದ್ದು ನೋಡುವ ಒಬ್ಬರು ಇದ್ದರೆ ಮಾತ್ರ ಕೊಳ್ಳಿ. ಉಳಿದ ಆ ಒಂದು ಮರಿ ಬಣ್ಣ ಉದುರಿ ಅಚ್ಚ ಬಿಳಿಯ ಹುಂಜವಾಯಿತು. ಈಗ ಮಾಗಡಿ ಕಡೆ ನಮ್ಮ ನೆಂಟರ ತೋಟದಲ್ಲಿದೆ, ಬೆಳಗಿನ ಜಾವ ನಾಲ್ಕೂವರೆಗೆ ಕೂಗುತ್ತದೆ.