ದೊಡ್ಡ ಒಡಲಿನ ಗಿಟಾರು, ಚಿಕ್ಕ ಮಡಿಲು

ಅದು 1940ರ ದಶಕ. ನ್ಯೂಯಾರ್ಕ್ ನಗರದ ಹಾರ್ಲೆಮ್ ಬಡಾವಣೆಯ ಬೀದಿಯಲ್ಲಿ ಅಂಧ ಗಾಯಕರೊಬ್ಬರು ನಿಂತು ಹಾಡುತ್ತಿದ್ದರು. ಮೈಕ್ ಇಲ್ಲ, ವೇದಿಕೆ ಇಲ್ಲ. ವಾಹನಗಳ ಗದ್ದಲವನ್ನು ದಾಟಿ ಸ್ವರ ಕೇಳಿಸಿದರೆ ನಾಲ್ಕು ಕಾಸು, ಕೇಳಿಸದಿದ್ದರೆ ಬರಿಗೈ. ಅವರೇ ದಕ್ಷಿಣ ಕೆರೊಲಿನಾದಲ್ಲಿ 1896ರಲ್ಲಿ ಹುಟ್ಟಿದ ರೆವರೆಂಡ್ ಗ್ಯಾರಿ ಡೇವಿಸ್. ಪಾದ್ರಿಯಾದ ಮೇಲೆ ಹೆಚ್ಚಾಗಿ ಭಕ್ತಿಗೀತೆಗಳನ್ನೇ ಹಾಡಿದರೂ ಅವರ ಬೆರಳುಗಳಲ್ಲಿದ್ದದ್ದು ಬ್ಲೂಸ್ ಸಂಗೀತದ ನಡೆಯೇ. ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನರು ತಮ್ಮ ದುಡಿಮೆ ಮತ್ತು ದುಃಖದಿಂದ ಕಟ್ಟಿಕೊಂಡ ಸಂಗೀತ ಅದು.

ಡೇವಿಸ್ ಅವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಗಿಟಾರು ಗಿಬ್ಸನ್ ಕಂಪನಿಯ ಜೆ-200. ಅಗಲವೇ ಸುಮಾರು 17 ಅಂಗುಲ! 1930ರ ದಶಕದ ಕೊನೆಯಲ್ಲಿ ಸಿನಿಮಾದ ಕೌಬಾಯ್ ಗಾಯಕರೊಬ್ಬರಿಗಾಗಿ ತಯಾರಾದ, ಆಡಂಬರದ ವಾದ್ಯ. ಕಣ್ಣಿಗೆ ಚೆಂದ ಕಾಣಲೆಂದು ಹುಟ್ಟಿದ ಈ ಗಿಟಾರು, ಕಣ್ಣೇ ಕಾಣದವರ ಕೈಯಲ್ಲಿ ಹೆಸರು ಪಡೆಯಿತು. ಅದನ್ನು ಅವರು ಅಕ್ಕರೆಯಿಂದ ‘ಮಿಸ್ ಗಿಬ್ಸನ್’ ಎಂದು ಕರೆಯುತ್ತಿದ್ದರು.

ದೊಡ್ಡ ಒಡಲಿನಿಂದ ಆಗುವ ಲಾಭವೇನು? ಖಾಲಿ ಬಾಟಲಿಯ ಬಾಯಿಗೆ ಊದಿ ನೋಡಿ. ಬಾಯಿಯ ಅಳತೆ ಒಂದೇ ಆಗಿದ್ದರೆ, ದೊಡ್ಡ ಬಾಟಲಿ ತಗ್ಗಿದ ಸ್ವರ ಕೊಡುತ್ತದೆ. ಗಿಟಾರಿನ ಒಳಗಿನ ಗಾಳಿಯೂ ಹಾಗೆಯೇ ಅನುರಣಿಸುತ್ತದೆ. ಗಿಟಾರಿನ ಅತ್ಯಂತ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸುತ್ತದೆ. ಇಂಥ ತಗ್ಗು ಸ್ವರಗಳಿಗೆ ವಿಶಾಲವಾದ ಒಡಲೂ ಮುಂಬಲಗೆಯೂ ಬಲ ತುಂಬುತ್ತವೆ. ಬ್ಲೂಸ್ ನುಡಿಸುವಾಗ ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಎಡೆಬಿಡದೆ ಲಯ ಹಿಡಿದಿರುತ್ತದೆ. ಉಳಿದ ಬೆರಳುಗಳು ಮೇಲಿನ ತಂತಿಗಳಲ್ಲಿ ಹಾಡುತ್ತವೆ. ಹೆಬ್ಬೆರಳಿನ ಕೆಲಸಕ್ಕೆ ದೊಡ್ಡ ಒಡಲು ಒಳ್ಳೆಯ ಜೊತೆಗಾರ.

ಹಾಗಾದರೆ ಮಕ್ಕಳಿಗೂ ದೊಡ್ಡದನ್ನೇ ಕೊಡಿಸಬೇಕೆ? ಇಲ್ಲಿ ಇನ್ನೊಬ್ಬರ ಕಥೆ ಕೇಳಬೇಕು.

ಉತ್ತರ ಕೆರೊಲಿನಾದ ಎಲಿಜಬೆತ್ ಕಾಟನ್ ಎಂಬ ಹುಡುಗಿ ಅಣ್ಣನ ಬ್ಯಾಂಜೊವನ್ನು ಕದ್ದು ಮುಚ್ಚಿ ನುಡಿಸುತ್ತಿದ್ದಳು. ಅಣ್ಣ ಊರು ಬಿಟ್ಟಾಗ ಬ್ಯಾಂಜೊವೂ ಹೋಯಿತು. ಹುಡುಗಿ ಮನೆಗೆಲಸಕ್ಕೆ ಸೇರಿದಳು. ತಿಂಗಳ ಸಂಬಳ 75 ಸೆಂಟ್. ಬೇಕಾಗಿದ್ದ ಸ್ಟೆಲ್ಲಾ ಗಿಟಾರಿನ ಬೆಲೆ 3 ಡಾಲರ್ 75 ಸೆಂಟ್, ಅಂದರೆ ಐದು ತಿಂಗಳ ಪೂರ್ತಿ ದುಡಿಮೆ! ಆಕೆ ಎಡಗೈಯವಳು. ಬಲಗೈಯವರಿಗಾಗಿ ಮಾಡಿದ ಗಿಟಾರನ್ನೇ ತಲೆಕೆಳಗಾಗಿ ಹಿಡಿದು, ಹೆಬ್ಬೆರಳಲ್ಲಿ ಹಾಡನ್ನೂ ಉಳಿದ ಬೆರಳುಗಳಲ್ಲಿ ತಗ್ಗು ಸ್ವರಗಳನ್ನೂ ನುಡಿಸಿದಳು. ವಾದ್ಯ ತನಗೆ ಒಗ್ಗದಿದ್ದಾಗ ತಾನೇ ಅದಕ್ಕೊಂದು ದಾರಿ ಹುಡುಕಿದಳು. ಮುಂದೆ ಹಲವು ದಶಕ ಗಿಟಾರು ಮುಟ್ಟದೆ ಬಾಳಿದ ಆಕೆ ಇಳಿವಯಸ್ಸಿನಲ್ಲಿ ಮತ್ತೆ ನುಡಿಸತೊಡಗಿದರು. 1985ರಲ್ಲಿ, ತೊಂಬತ್ತರ ಆಸುಪಾಸಿನಲ್ಲಿ, ಗ್ರ್ಯಾಮಿ ಪ್ರಶಸ್ತಿ ಪಡೆದರು.

ಬ್ಲೂಸ್ ಎಂದೊಡನೆ ನೆನಪಾಗುವ ರಾಬರ್ಟ್ ಜಾನ್ಸನ್ 1936 ಮತ್ತು 1937ರಲ್ಲಿ ಧ್ವನಿಮುದ್ರಿಸಿದ್ದು ಒಟ್ಟು 29 ಹಾಡುಗಳನ್ನು. ಅವರ ಪ್ರಸಿದ್ಧ ಭಾವಚಿತ್ರದಲ್ಲಿ ಕಾಣುವುದು ಚಿಕ್ಕ ಒಡಲಿನ ಗಿಬ್ಸನ್ ಎಲ್-1. ಅಂದಮೇಲೆ ಬ್ಲೂಸ್ ಒಡಲಿನ ಅಳತೆಯಲ್ಲಿ ಇಲ್ಲ ಎಂದಾಯಿತು. ಆದರೆ ದೊಡ್ಡ ಒಡಲು ಬೇಕೇ ಬೇಡವೇ ಎಂಬುದಕ್ಕೆ ಒಂದು ಪರೀಕ್ಷೆ ಇದೆ: ಎಲ್ಲಿ ನುಡಿಸುವುದು, ಯಾರ ಮಡಿಲಲ್ಲಿ?

ಗಿಟಾರು ಕೊಳ್ಳಲು ಹೊರಟ ತಂದೆ ತಾಯಂದಿರು ಬೆಲೆಚೀಟಿ ನೋಡುವ ಮುಂಚೆ ಮಗುವನ್ನು ಕುರ್ಚಿಯ ಮೇಲೆ ಕೂರಿಸಿ, ಗಿಟಾರನ್ನು ತೊಡೆಯ ಮೇಲಿಡಬೇಕು. ನುಡಿಸುವ ತೋಳನ್ನು ಒಡಲಿನ ಮೇಲಿಂದ ಇಳಿಸುವಾಗ ಭುಜ ಕಿವಿಯತ್ತ ಏರಿದರೆ ಆ ಗಿಟಾರು ಮಗುವಿಗೆ ದೊಡ್ಡದು. ಅಗಲ ಒಂದೇ ಆಗಿದ್ದರೂ ಸೊಂಟ ಸಣ್ಣಗಿರುವ ಗಿಟಾರು ತೊಡೆಯ ಮೇಲೆ ಚೆನ್ನಾಗಿ ಕೂರುತ್ತದೆ. ಹನ್ನೆರಡನೆಯ ಮೆಟ್ಟಿಲಿನ ಬಳಿ ದಪ್ಪ ತಂತಿ ಸುಮಾರು 2ರಿಂದ 3 ಮಿಲಿಮೀಟರಿಗಿಂತ ಹೆಚ್ಚು ಎತ್ತರದಲ್ಲಿದ್ದರೆ ಎಳೆಯ ಬೆರಳುಗಳು ನೊಂದುಕೊಳ್ಳುತ್ತವೆ. ಇದನ್ನು ತಿಳಿದವರಿಂದ ಸರಿಪಡಿಸಿಕೊಳ್ಳಬಹುದು. ಕೊನೆಗೆ, ಬಲ್ಲವರೊಬ್ಬರಿಂದ ನುಡಿಸಿ, ಎದುರಿಗೆ ಕೂತು ಕೇಳಬೇಕು. ತಗ್ಗು ಸ್ವರಗಳ ಗುಡುಗಿನಲ್ಲಿ ಮೇಲಿನ ತಂತಿಗಳ ಹಾಡು ಮುಳುಗಿಹೋದರೆ ಆ ದೊಡ್ಡ ಒಡಲಿನಿಂದ ಪ್ರಯೋಜನವಿಲ್ಲ. ಎರಡೂ ಬೇರೆ ಬೇರೆಯಾಗಿ ಕೇಳಿಸಬೇಕು.

ಡೇವಿಸ್ ಅವರಿಗೆ ಬೀದಿಯನ್ನು ಗೆಲ್ಲಬೇಕಿತ್ತು. ದೊಡ್ಡ ಒಡಲು ಅವರ ಅಗತ್ಯ. ಮನೆಯ ಕೋಣೆಯಲ್ಲಿ ಕಲಿಯುವ ಮಗು ಗೆಲ್ಲಬೇಕಾದದ್ದು ಆರಂಭದ ದಿನಗಳ ಬೆರಳು ನೋವನ್ನು. ಹಿಡಿಯಲಾಗದ ಗಿಟಾರು ಎಷ್ಟೇ ಬೆಲೆ ಬಾಳಲಿ, ಕೆಲವೇ ವಾರಗಳಲ್ಲಿ ಅಟ್ಟ ಸೇರುತ್ತದೆ. ಕೈಗೆ ಒಗ್ಗಿದ್ದು ದಿನವೂ ಪೆಟ್ಟಿಗೆಯಿಂದ ಹೊರಬರುತ್ತದೆ. ಮಗು ಬೆಳೆದು, ಕೇಳುವವರು ಹೆಚ್ಚಿದಾಗ, ಆ 17 ಅಂಗುಲದ ಗಿಟಾರನ್ನು ಅದೇ ಹುಡುಕಿಕೊಂಡು ಹೋಗುತ್ತದೆ.